ನಾಟಿಗಿ ಇಳಿದವರ ಕಾಲಾಗ ಗುಳ್ಳಿ, ತಡೀಲಾರದ ತುರಿಕಿ: ಗೊಬ್ಬರದ್ದೋ, ಹಕ್ಕಿದೋ, ಮತ್ತೇನೋ?

ಕೆಂಭಾವಿ ಹೊಲದಾಕಿ
ಎಲ್ಲರಿಗೂ ಶರಣರಿ. ನಮ್ಮ ಕಡಿ ಕಾಲುವಿಗಿ ನೀರು ಬಿಟ್ಟಾರ, ಭತ್ತದ ನಾಟಿ ಜೋರ್ ನಡದದ. ನಾಟಿಗಿ ಬರೋ ಹೆಣ್ಮಕ್ಕಳ ಕಾಲು ನೋಡಿದ್ರ ಸಂಕಟ ಆಗ್ತದ. ಮೊಣಕಾಲ ತನಕ, ಮೊಣಕೈ ತನಕ ಕೆಂಪನ ಗುಳ್ಳಿ ಎದ್ದಾವ. ಗದ್ದಿ ಬಿಟ್ಟು ಬದುವಿಗಿ ಬಂದು ಕಾಲು ಆರೋ ಹೊತ್ತಿಗಿ ಚುಮುಚುಮು ಅಂತದ, ರಾತ್ರಿ ಆದ್ರ ನಿದ್ದಿ ಹತ್ತಗೊಡಂಗಿಲ್ಲ. ಹೊಲದ ಯಜಮಾನರು ಯೂರಿಯಾ ಹತ್ಯದ, ಕೊಬ್ಬರಿ ಎಣ್ಣಿ ಹಚ್ಕೋರಿ ಅಂತಾರ. ಆದ್ರ ಆ ಮಡಿಗಿ ಇನ್ನಾ ಗೊಬ್ಬರನೇ ಹಾಕಿಲ್ಲ.

ತಿಳೀಲಾರದ್ದು ಇನ್ನೊಂದು ಅದ. ಈ ಸಲ ಹೊಸದಾಗಿ ಬಂದ ಹುಡುಗ್ಯಾರಿಗಿ ಏನೂ ಆಗಿಲ್ಲ. ವರ್ಷಾ ನಾಟಿ ಮಾಡಿ ಮೈ ಹಣ್ಣಾದವರಿಗೇ ಜಾಸ್ತಿ. ಊರಾಗ ಕೆಲವರು ಇದು ಕೆರಿ ಹಕ್ಕಿಯಿಂದ ಬಂದ ರೋಗ, ಹಕ್ಕಿ ಓಡಿಸಬೇಕು ಅಂತ ಹೊಂಟಾರ. ಇನ್ನ ಕೆಲವರು ಈ ಹೆಣ್ಮಕ್ಕಳ ಸಂಗಡ ಕುಂತು ಉಣ್ಣಲಿಕ್ಕೂ ಹಿಂದ ಮುಂದ ನೋಡ್ತಾರ, ತಮಗೂ ಹತ್ತತದ ಅಂತ. ತಿಳಿದವರು ಯಾರರ ಬಿಡಿಸಿ ಹೇಳ್ರಿ.

ಆಶಾ ಅಕ್ಕ, ಶಹಾಪುರ ಕಡಿ
ನಮ್ಮೂರಾಗೂ ಇದೇ ನೋಡ್ರಿ ಅಕ್ಕೋರೆ. ಹಿಂದಿನ ಸಲ ಇದನ್ನ ಕಜ್ಜಿ ಅಂತ ತಿಳಿದು ಮನಿಮಂದಿಗೆಲ್ಲಾ ಕಜ್ಜಿ ಔಷಧ ಹಚ್ಚಿಸಿದ್ರು. ಮನ್ಯಾಗ ಇರೋ ಕೂಸಿಗಿ, ಮುದುಕರಿಗಿ ಒಂದು ಗುಳ್ಳಿನೂ ಇರಲಿಲ್ಲ, ಅವರಿಗೂ ಹಚ್ಚಿದ್ರು. ನೀರಿಗಿ ಇಳಿದವರಿಗೆ ಮಾತ್ರ ಬಂದಿತ್ತು. ನಾಟಿ ಮುಗದ ಮ್ಯಾಲ ತಾನೇ ಹೋಯಿತು. ಅದಕ್ಕ ನನಗೂ ಇದು ಕಜ್ಜಿ ಅಲ್ಲ ಅನಸ್ತದ.

ಚರ್ಮವೈದ್ಯೆ, ಕಲಬುರಗಿ
ಆಶಾ ಅಕ್ಕ ಸರಿಯಾದ ಜಾಗ ಹಿಡಿದಿದ್ದಾರೆ. ನೀರಿನಲ್ಲಿ ಮುಳುಗಿದ ಭಾಗಕ್ಕೆ ಮಾತ್ರ ಗುಳ್ಳೆ, ನೀರು ಆರುವಾಗ ಚುಚ್ಚಿದಂಥ ಉರಿ, ಕೆಲವು ಗಂಟೆಗಳ ನಂತರ ಒಂದೊಂದೇ ಬಿಡಿಬಿಡಿ ಕೆಂಪು ಗುಳ್ಳೆ, ಎರಡು ಮೂರು ದಿನ ಏರಿ ಒಂದೆರಡು ವಾರದಲ್ಲಿ ಇಳಿಯುವುದು. ಇಷ್ಟು ಲಕ್ಷಣ ಕೂಡಿ ಬಂದರೆ ನನ್ನ ಮೊದಲ ಅನುಮಾನ ಸರ್ಕೇರಿಯಾ ಡರ್ಮಟೈಟಿಸ್ ಮೇಲೆ. ಹಕ್ಕಿ ಅಥವಾ ದನಗಳ ರಕ್ತನಾಳದಲ್ಲಿ ಬದುಕುವ ಒಂದು ಚಪ್ಪಟೆ ಹುಳುವಿನ ಮರಿ ದಾರಿ ತಪ್ಪಿ ನಮ್ಮ ಚರ್ಮ ಹೊಕ್ಕು ಅಲ್ಲೇ ಸಾಯುತ್ತದೆ. ಆ ಸತ್ತ ಮರಿಯ ಮೇಲೆ ದೇಹ ಸಿಟ್ಟಿಗೇಳುವುದೇ ಈ ತುರಿಕೆ.

ಹೊಸ ಹುಡುಗಿಯರಿಗೆ ಯಾಕೆ ಆಗಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಮೊದಲ ಸಲ ಮರಿ ಹೊಕ್ಕಾಗ ದೇಹಕ್ಕೆ ಅದರ ಗುರುತು ಇರುವುದಿಲ್ಲ. ತುಸು ತುರಿಕೆ ಆಗಬಹುದು, ಏನೂ ಆಗದೆಯೂ ಇರಬಹುದು. ಮತ್ತೆ ಮತ್ತೆ ಹೊಕ್ಕಂತೆ ದೇಹ ಗುರುತು ಹಿಡಿದು ಬೇಗ, ಜೋರಾಗಿ ಎದುರು ಬೀಳುತ್ತದೆ. ಹಾಗಾಗಿ ಹೆಚ್ಚು ವರ್ಷ ದುಡಿದವರಿಗೇ ಹೆಚ್ಚು ಕಷ್ಟ. ಅವರ ಮೈ ಸ್ವಚ್ಛ ಇಲ್ಲ ಎಂಬ ಮಾತು ಯಾರಾದರೂ ಆಡಿದರೆ ದಯವಿಟ್ಟು ಅಲ್ಲೇ ತಡೆಯಿರಿ.

ಒಬ್ಬರಿಂದ ಒಬ್ಬರಿಗೆ ಇದು ಹತ್ತುವುದಿಲ್ಲ. ಒಟ್ಟಿಗೆ ಕೂತು ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ, ಬಟ್ಟೆ ಹಂಚಿಕೊಂಡರೂ ಬರುವುದಿಲ್ಲ. ಕಜ್ಜಿಯ ರೀತಿ ಬೇರೆ: ಬೆರಳ ಸಂದು, ಸೊಂಟ, ಕಂಕುಳಲ್ಲಿ ಬಂದು ಮನೆಮಂದಿಗೆಲ್ಲಾ ಹರಡುತ್ತದೆ. ಗೊಬ್ಬರ ಅಥವಾ ಕಳೆನಾಶಕದ ಉರಿ ಮುಟ್ಟಿದ ತಕ್ಷಣವೇ ಶುರುವಾಗಿ ಚರ್ಮ ಸುಟ್ಟ ಹಾಗೆ ಪಟ್ಟೆಯಾಗಿ ಕಾಣುತ್ತದೆ. ಇಡೀ ದಿನ ಕೆಸರಲ್ಲಿ ನಿಂತು ಬೆರಳ ಸಂದು ಬಿಳಿಚಿ ಕೊಳೆಯುವುದು ಮತ್ತೊಂದು, ಅದು ಫಂಗಸ್. ಒಬ್ಬರ ಕಾಲಲ್ಲೇ ಇವು ಎರಡು ಮೂರು ಕೂಡಿಯೂ ಇರಬಹುದು. ಆದ್ದರಿಂದ ಒಮ್ಮೆ ವೈದ್ಯರಿಗೆ ತೋರಿಸಿಯೇ ಬಿಡಿ.

ಸುರಪುರ ಹುಡುಗ
ಅಂದ್ರ ಹಕ್ಕಿದೇ ಅಂತ ಡಾಕ್ಟರೇ ಹೇಳಿದಂಗ ಆಯ್ತಲ್ರಿ. ಚಳಿಗಾಲಕ್ಕ ಬೋನಾಳ ಕೆರಿಗಿ ಎಲ್ಲೆಲ್ಲಿಂದನೋ ಹಕ್ಕಿ ಬರ್ತಾವ. ಪಟಾಕಿ ಹಚ್ಚಿ ಓಡಿಸಿದ್ರ ಮುಗೀತು.

ಬೀದರ್ ಪಶುವೈದ್ಯ
ತಮ್ಮಾ, ಪಟಾಕಿ ಹಚ್ಚೋಕಿಂತ ಮೊದಲ ಪೂರ್ತಿ ಕೇಳು. ಈ ಹುಳದ ಬಾಳ್ವೆ ತಿಳೀಲಾರದ ಹಕ್ಕಿ ಮ್ಯಾಲ ಹರಿಹಾಯ್ದ್ರ ತುರಿಕಿನೂ ಹೋಗಂಗಿಲ್ಲ, ಹಕ್ಕಿನೂ ಉಳಿಯಂಗಿಲ್ಲ.

ಈ ಹುಳಕ್ಕ ಸಿಸ್ಟೊಸೋಮ ಅಂತಾರ. ಉಳದ ಚಪ್ಪಟೆ ಹುಳಗಳಾಗ ಹೆಚ್ಚಾಗಿ ಗಂಡು ಹೆಣ್ಣು ಒಂದೇ ಮೈಯಾಗ ಇರ್ತಾವ, ಇದರಾಗ ಬ್ಯಾರೆ ಬ್ಯಾರೆ. ಗಂಡಿನ ಮೈಯಾಗ ಉದ್ದಕ್ಕ ಒಂದು ಮಡಿಕಿ ಇರ್ತದ, ಹೆಣ್ಣು ಅದರೊಳಗೇ ಇರ್ತದ. ಎರಡೂ ಕೂಡಿ ಹಕ್ಕಿದೋ ದನದ್ದೋ ರಕ್ತನಾಳದಾಗ ಬದುಕಿ ತತ್ತಿ ಇಡ್ತಾವ. ತತ್ತಿ ಹಿಕ್ಕಿ, ಸಗಣಿ ಇಲ್ಲಾಂದ್ರ ಮೂಗಿನ ಸಿಂಬಳದ ಸಂಗಡ ನೀರಿಗಿ ಬೀಳ್ತದ. ನೀರಾಗ ತತ್ತಿ ಒಡೆದು ಮಿರಾಸಿಡಿಯಂ ಅನ್ನೋ ಮೊದಲನೇ ಮರಿ ಹೊರಗ ಬರ್ತದ. ಅದು ತನಗ ಒಗ್ಗೋ ನೀರಿನ ಬಸವನಹುಳ ಹುಡುಕಿ ಒಳಗ ಹೊಕ್ಕೊಂತದ. ಒಗ್ಗೋ ಬಸವನಹುಳ ಸಿಗದಿದ್ರ ಮರಿ ಸಾಯ್ತದ. ಬಸವನಹುಳದ ಮೈಯಾಗ ಕೆಲವು ವಾರ ಒಂದಕ್ಕ ನೂರು, ನೂರಕ್ಕ ಸಾವಿರ ಆಗಿ ಬೆಳೆದು, ಆಮ್ಯಾಲ ಸರ್ಕೇರಿಯಾ ಅನ್ನೋ ಎರಡನೇ ಮರಿ ದಿನಾ ಸಾವಿರಗಟ್ಲೆ ನೀರಿಗಿ ಬಿಡ್ತಾವ. ಉದ್ದ ಒಂದು ಮಿಲಿಮೀಟರ್‌ಗಿಂತ ಕಡಿಮಿ, ಬಾಲದ ತುದಿ ಎರಡಾಗಿ ಸೀಳಿರ್ತದ. ಬೆಳಕು ಬಿದ್ದಾಗ ಹೊರಬಂದು ನೀರಿನ ಮ್ಯಾಲ್ಭಾಗದಾಗ ತೇಲ್ತಾವ, ಹೆಚ್ಚೂಕಡಿಮಿ ಒಂದು ದಿನ ಬದುಕ್ತಾವ. ಅಷ್ಟರಾಗ ಬಾತುಕೋಳಿ ಕಾಲೋ ಎಮ್ಮಿ ಚರ್ಮನೋ ಸಿಗಬೇಕು. ಚರ್ಮದ ಮ್ಯಾಲಿನ ಜಿಡ್ಡಿನ ವಾಸನಿ ಹಿಡಿದು ಕೊರೀತಾವ. ನಮ್ಮ ಕಾಲಿನಾಗೂ ಅದೇ ಜಿಡ್ಡು ಇರೋದಕ್ಕ ಮೋಸ ಹೋಗ್ತಾವ.

ಇನ್ನ ಹಕ್ಕಿ ಮಾತಿಗಿ ಬರ್ತೀನಿ. ಹಕ್ಕಿಯೊಳಗಿನ ಟ್ರೈಕೊಬಿಲ್ಹಾರ್ಜಿಯಾ ಜಾತಿಯ ಹುಳದಿಂದ ಈ ತುರಿಕಿ ಬರೋದು ಖರೆ. 1928ರಾಗ ಅಮೆರಿಕಾದ ಮಿಷಿಗನ್ನಿನ ಡಗ್ಲಸ್ ಸರೋವರದ ಹತ್ರ ಕೆಲಸ ಮಾಡ್ತಿದ್ದ ವಿಲಿಯಂ ವಾಲ್ಟರ್ ಕಾರ್ಟ್ ಅನ್ನೋ ವಿಜ್ಞಾನಿ, ಈಜುಗಾರರ ತುರಿಕಿಗಿ ಕಾರಣ ಬಸವನಹುಳದಿಂದ ಬರೋ ಸರ್ಕೇರಿಯಾ ಅಂತ ತೋರಿಸಿದ್ರು. ಜಪಾನಿನ ಶಿಂಜಿ ಸರೋವರದ ಸುತ್ತಲಿನ ಭತ್ತದ ಗದ್ಯಾಗ ಕಬ್ಬಕ್ಕಿ ಬಳಗದ ಹಕ್ಕಿಯ ಹುಳದಿಂದ ಬರ್ತಿತ್ತು. ಆದ್ರ ಮಲೇಷಿಯಾದ ಭತ್ತದ ಗದ್ಯಾಗ ಇದೇ ತುರಿಕಿ ತಂದಿದ್ದು ದನ, ಎಮ್ಮಿಯೊಳಗಿನ ಸಿಸ್ಟೊಸೋಮ ಸ್ಪಿಂಡೇಲ್. ಆ ಹುಳ ನಮ್ಮ ದೇಶದ ದನಗಳಾಗೂ ಅದ, ಸಗಣಿ ಸಂಗಡ ತತ್ತಿ ಬೀಳ್ತದ. ಅಸ್ಸಾಂ, ಮಧ್ಯಪ್ರದೇಶದಾಗ ಮನುಷ್ಯರಿಗಿ ಈ ತುರಿಕಿ ಆಗಿದ್ದು ದಾಖಲಾಗ್ಯದ. ನಿಮ್ಮ ಗದ್ಯಾಗ ದಿನಾ ನೀರು ಕುಡೀಲಿಕ್ಕ, ಹೊರಳಾಡ್ಲಿಕ್ಕ ಬರೋದು ಯಾರು? ಚಳಿಗಾಲದ ಹೆಬ್ಬಾತೋ, ಮನಿ ಎಮ್ಮಿಯೋ? ಹಕ್ಕಿ ಓಡಿಸೋರು ಮೊದಲು ಇದಕ್ಕ ಉತ್ತರ ಕೊಡಬೇಕು.

ಹಕ್ಕಿ ಬೆನ್ನತ್ತಿದವ
ಸಾಹೇಬ್ರು ಹೇಳಿದ್ದಕ್ಕ ಒಂದು ಕೂಡಿಸ್ತೀನಿ. ಬೋನಾಳಕ್ಕ ಪಟ್ಟೆತಲೆ ಹೆಬ್ಬಾತು ಬರೋದು ಚಳಿಗಾಲದಾಗ, ಬ್ಯಾಸಿಗಿ ಹತ್ತೋ ಹೊತ್ತಿಗಿ ಹಿಮಾಲಯ ದಾಟಿ ವಾಪಸ್ ಹೋಗ್ತಾವ. ಮುಂಗಾರಿನ ನಾಟಿ ಜುಲೈ, ಆಗಸ್ಟ್‌ನಾಗ. ಆಗ ಒಂದು ಹೆಬ್ಬಾತೂ ಇಲ್ಲಿ ಇರಂಗಿಲ್ಲ. ಆದ್ರೂ ಮುಂಗಾರಿನಾಗೇ ತುರಿಕಿ ಬರ್ಲಿಕತ್ತದ ಅಂದ್ರ ಕಾರಣ ಇಲ್ಲೇ ಇರೋರ ಹತ್ರ ಹುಡುಕಬೇಕು. ವರ್ಷಪೂರ್ತಿ ಇಲ್ಲೇ ಇರೋ ಶಿಳ್ಳೆ ಬಾತು, ಚುಕ್ಕೆ ಕೊಕ್ಕಿನ ಬಾತು ಅವ, ಅವನ್ನೂ ಲೆಕ್ಕಕ್ಕ ತೊಗೊಳ್ರಿ. ಕೊಯ್ಲಾದ ಮ್ಯಾಲ ಕೂಳಿ ಗದ್ಯಾಗ ಸಾಕಿದ ಬಾತುಕೋಳಿ ಹಿಂಡು ಮೇಯಿಸ್ಲಿಕ್ಕ ಬರೋರೂ ಅದಾರ. ಹಿಂಡು ಹಿಂಡಾಗಿ ಅದೇ ನೀರಾಗ ಇಳೀತಾವ.

ಬೋನಾಳ ಕೆರಿ ಸುರಪುರ ನಾಯಕರ ಕಾಲದ್ದು, ಪಕ್ಷಿಧಾಮ. ಅಲ್ಲಿ ಪಟಾಕಿ ಹೊಡೆಯೋದು ಕಾನೂನಿನ ಪ್ರಕಾರನೂ ತಪ್ಪು. ಅದೂ ಅಲ್ದ ಹಕ್ಕಿ ಓಡಿಸಿದ್ರ ಅವು ಊರಿನ ಸಣ್ಣ ಸಣ್ಣ ಕುಂಟಿಗಿ, ನಿಮ್ಮ ಗದ್ದಿಗೇ ಚದುರಿ ಬರ್ತಾವ. ಒಂದು ಕಡಿ ಇದ್ದ ಹಿಕ್ಕಿ ಹತ್ತು ಕಡಿ ಬೀಳ್ತದ. ಸುರಪುರ ತಮ್ಮಾ, ನಿನ್ನ ಸಿಟ್ಟು ನಮ್ಮ ಹೆಣ್ಮಕ್ಕಳ ಮ್ಯಾಲಿನ ಕಾಳಜಿಯಿಂದ ಬಂದದ್ದು, ಅದು ನನಗ ಗೊತ್ತದ. ಬೇಕಾದ್ರ ಒಂದಿನ ಕೂಡಿ ಕೆರಿ ದಂಡಿಗಿ ಹೋಗೋಣು ಬಾ.

ಜೇವರ್ಗಿ ಕಾಕಾ
ನಾವು ಸಣ್ಣವರಿದ್ದಾಗ ಬಾವಿ ನೀರು ಕುಡಿದು ನಾರುಹುಣ್ಣು ಆಗ್ತಿತ್ತು. ಕಾಲಾಗಿಂದ ದಾರದಂಥ ಹುಳ ಎಳೀತಿದ್ರು, ಕಡ್ಡಿಗಿ ಸುತ್ತಿ. ನಮ್ಮವ್ವ ಅದರಿಂದ ಭಾಳ ನರಳಿದ್ಲು. ಈಗ ಕಾಲಿಗಿ ಹುಳ ಹೊಕ್ಕತದ ಅಂದಕೂಡಲೇ ಎದಿ ಝಲ್ ಅಂತು. ಇದೂ ಅದೇ ಏನು?

ಚರ್ಮವೈದ್ಯೆ, ಕಲಬುರಗಿ
ಅಲ್ಲ ಕಾಕಾ, ಧೈರ್ಯವಾಗಿರಿ. ನಾರುಹುಣ್ಣು ಚರ್ಮದಿಂದ ಹೊಕ್ಕುತ್ತಿರಲಿಲ್ಲ. ಕುಡಿಯುವ ನೀರಿನಲ್ಲಿದ್ದ ಸೈಕ್ಲೋಪ್ಸ್ ಎಂಬ ಸಣ್ಣ ಜೀವಿಯ ಜೊತೆ ಹೊಟ್ಟೆಗೆ ಹೋಗಿ, ಸುಮಾರು ಒಂದು ವರ್ಷ ಬೆಳೆದು, ಕಾಲಿನಿಂದ ಹೊರಬರುತ್ತಿತ್ತು. ಬಾವಿಗೆ ಇಳಿಯುವ ಮೆಟ್ಟಿಲು ಮುಚ್ಚಿ, ನೀರು ಬಟ್ಟೆಯಲ್ಲಿ ಸೋಸಿ, ಬೋರ್‌ವೆಲ್ ಕೊಟ್ಟು ಅದನ್ನು ದೇಶದಿಂದಲೇ ಓಡಿಸಿದರು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, 2000ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಹುಣ್ಣು ಮುಕ್ತ ಎಂದು ಘೋಷಿಸಿತು. ನಿಮ್ಮ ತಾಯಿಯ ಕಾಲದವರು ಪಟ್ಟ ಕಷ್ಟಕ್ಕೆ ಅಲ್ಲಿ ಕೊನೆ ಬಿತ್ತು.

ಈಗ ನಾವು ಮಾತಾಡುತ್ತಿರುವ ಮರಿ ಚರ್ಮದಲ್ಲೇ ಸಾಯುತ್ತದೆ, ಒಳಗೆ ಬೆಳೆಯುವುದಿಲ್ಲ. ಆಫ್ರಿಕಾ ಮುಂತಾದ ಕಡೆ ಮನುಷ್ಯರ ದೇಹದಲ್ಲೇ ಬೆಳೆಯುವ ಸಿಸ್ಟೊಸೋಮಗಳು ಬೇರೆ ಇವೆ. 1851ರಲ್ಲಿ ಕೈರೋದಲ್ಲಿ ಥಿಯೋಡೋರ್ ಬಿಲ್ಹಾರ್ಜ್ ಕಂಡುಹಿಡಿದದ್ದು ಅಂಥದ್ದನ್ನು. ನಮ್ಮ ದೇಶದಲ್ಲಿ ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಲ್ಲಿ ಅದರ ಸಣ್ಣದೊಂದು ನೆಲೆ ಇದ್ದದ್ದು 1952ರಲ್ಲಿ ವರದಿಯಾಗಿತ್ತು. ಅದಕ್ಕೆ ಪ್ರಾಜಿಕ್ವಾಂಟೆಲ್ ಮಾತ್ರೆ ಬೇಕು. ಈ ತುರಿಕೆಗೆ ಆ ಮಾತ್ರೆ ಬೇಡ, ಯಾರಾದರೂ ಕೊಂಡು ನುಂಗಬೇಡಿ. ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ಅದು ಬೇರೆ ವಿಷಯ, ತಡಮಾಡದೆ ತೋರಿಸಿ.

ಕಾಲುವೆ ಕೊನೆ ರೈತ
ಹಂಗಾದ್ರ ಬಸವನಹುಳನೇ ಕೊಂದುಬಿಟ್ರ? ನಮ್ಮ ಹತ್ರ ಮೈಲುತುತ್ತ ಅದ. ಕೆರಿಗಿ ಎರಡು ಚೀಲ ಸುರುವಿದ್ರ ಆಯ್ತಲ್ಲ.

ಬೀದರ್ ಪಶುವೈದ್ಯ
ಅಣ್ಣೋರೆ, ಕೈಮುಗಿದು ಕೇಳ್ತೀನಿ, ಹಂಗ ಮಾಡಬ್ಯಾಡ್ರಿ. ಮೈಲುತುತ್ತಕ್ಕ ಬಸವನಹುಳ ಸಾಯ್ತಾವ, ಖರೆ. ಸಂಗಡ ಮೀನೂ ಸಾಯ್ತಾವ. ಆ ನೀರು ಕುಡಿದ ಕುರಿಗಿ ತಾಮ್ರದ ವಿಷ ಏರ್ತದ, ಕುರಿ ತಾಮ್ರ ತಡಕೊಳ್ಳಂಗಿಲ್ಲ. ಮೀನು ಹಿಡಿಯೋ ಮನಿಗಳ ಅನ್ನ ಹೋಗ್ತದ. ಇಷ್ಟೆಲ್ಲಾ ಆದ ಮ್ಯಾಲೂ ಕೆಸರಾಗ ಅಡಗಿದ ಹುಳ ಉಳೀತಾವ. ಇಂಡೊಪ್ಲನಾರ್ಬಿಸ್ ಅನ್ನೋ ಬಸವನಹುಳ ಬ್ಯಾಸಿಗ್ಯಾಗ ಕೆರಿ ಬತ್ತಿದ್ರ ಕೆಸರೊಳಗ ಇಳಿದು ಸುಮ್ನ ಮಲಗ್ತದ, ಮಳಿ ಬಿದ್ದಾಗ ಎದ್ದು ಮತ್ತ ತತ್ತಿ ಇಡ್ತದ. ಕಾಲುವಿ ನೀರಿನ ಸಂಗಡನೂ ಹೊಸವು ಬರ್ತಾವ.

ನಿಮ್ಮ ಗದ್ದಿ ಮಟ್ಟಿಗಿ ಮಾಡೋದು ಬ್ಯಾರೆ ಅದ. ವಾರಬಂದಿಯಾಗ ನಿಮ್ಮ ಪಾಳಿ ಬಂದಾಗ ನೀರು ಕಟ್ಟಿ, ನಡಕ ಮಡಿ ಆರಲಿಕ್ಕ ಬಿಟ್ರ ನೀರೂ ಉಳೀತದ, ಬಸವನಹುಳಕ್ಕೂ ಕಷ್ಟ ಆಗ್ತದ. ಹೊಲಗಾಲುವ್ಯಾಗಿನ ಜೊಂಡು, ಪಾಚಿ ತಗೀರಿ. ಅದರಾಗೇ ಅವು ತತ್ತಿ ಅಂಟಿಸೋದು.

ಸೈನ್ಸ್ ಮಾಸ್ತರ್, ಯಾದಗಿರಿ
ಯಾವ ಬಸವನಹುಳ ಅಂತ ಗುರುತು ಹಿಡಿಯೋದು ಹೆಂಗ ಸರ್? ನಮ್ಮ ಹೈಸ್ಕೂಲ್ ಮಕ್ಕಳಿಗಿ ತೋರಿಸಬೇಕು ಅಂತ ಆಸಿ. ಅವರ ಅವ್ವಂದಿರೇ ನಾಟಿಗಿ ಹೋಗೋರು.

ಬೀದರ್ ಪಶುವೈದ್ಯ
ಭಾಳ ಛಲೋ ವಿಚಾರ ಮಾಸ್ತರ್ರೆ. ಚಿಪ್ಪಿನ ಬಾಯಿಗಿ ಗಟ್ಟಿ ಮುಚ್ಚಳ ಇರೋ ದೊಡ್ಡ ದುಂಡನ ಹುಳ ಇರ್ತದಲ್ಲ, ಅದನ್ನ ಬಿಡ್ರಿ. ನಮಗ ಬೇಕಾದವು ಎರಡು, ಎರಡಕ್ಕೂ ಮುಚ್ಚಳ ಇಲ್ಲ. ಒಂದು ಇಂಡೊಪ್ಲನಾರ್ಬಿಸ್ ಎಕ್ಸುಸ್ಟಸ್: ಚಪ್ಪಟೆಯಾಗಿ ಸುರುಳಿ ಸುತ್ತಿದ ಕಂದು ಚಿಪ್ಪು, ರಕ್ತ ಕೆಂಪಗಿರ್ತದ. ದನಗಳ ಹುಳಕ್ಕ ಹೆಚ್ಚಾಗಿ ಇದೇ ಮನಿ. ಇನ್ನೊಂದು ಲಿಮ್ನಿಯಾ ಲೂಟಿಯೋಲಾ: ತೆಳುವಾದ ಹಳದಿಗಂದು ಚಿಪ್ಪು, ತುದಿ ಚೂಪು, ಬಾಯಿ ಅಗಲ. ಬಾತುಕೋಳಿಯ ಟ್ರೈಕೊಬಿಲ್ಹಾರ್ಜಿಯಾ ಇರೋದು ಈ ಲಿಮ್ನಿಯಾ ಬಳಗದ ಹುಳಗಳಾಗ.

ಮಕ್ಕಳ ಕೈಲಿ ಹಿಡಿಸಬ್ಯಾಡ್ರಿ. ನೀವೇ ರಬ್ಬರ್ ಕೈಗವಸು ಹಾಕ್ಕೊಂಡು ಜರಡಿಯಿಂದ ಎತ್ರಿ. ಒಂದೊಂದು ಹುಳ ಒಂದೊಂದು ಗಾಜಿನ ಲೋಟದಾಗ ಬಿಟ್ಟು, ಬಾವಿ ನೀರು ಹಾಕಿ, ಮುಂಜಾನೆ ಬೆಳಕಿಗಿ ಇಡ್ರಿ. ನಳದ ಕ್ಲೋರಿನ್ ನೀರು ಬ್ಯಾಡ. ಹುಳದಾಗ ಮರಿ ಇದ್ರ ಕೆಲವು ತಾಸಿನಾಗ ನೀರಾಗ ಬಿಳಿ ಚುಕ್ಕಿ ಓಡಾಡೋದು ಕಾಣ್ತದ. ಒಂದು ಹನಿ ಸೂಕ್ಷ್ಮದರ್ಶಕದ ಕೆಳಗ ಇಟ್ಟು ಸೀಳು ಬಾಲ ಅದ ಏನು ನೋಡ್ರಿ. ನೇರ ಬಾಲದ್ದು ಬಂದ್ರ ಅದು ಬ್ಯಾರೆ ಹುಳದ ಮರಿ, ದನದ ಹೊಟ್ಟಿಯ ಚಪ್ಪಟೆ ಹುಳದ್ದೂ ಇರಬಹುದು. ಸೀಳು ಬಾಲ ಇದ್ದದ್ದೆಲ್ಲಾ ಸಿಸ್ಟೊಸೋಮನೇ ಅಂತನೂ ಹೇಳಂಗಿಲ್ಲ, ಆ ನಿರ್ಧಾರ ಪ್ರಯೋಗಾಲಯದವರಿಗಿ ಬಿಡ್ರಿ. ನೋಡಿ ಆದ ಮ್ಯಾಲ ಆ ನೀರಿಗಿ ಕುದಿಯೋ ನೀರು ಸುರುವಿ ಚೆಲ್ರಿ. ನಮ್ಮ ಬೀದರಿನ ನಂದಿನಗರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಪರೋಪಜೀವಿಶಾಸ್ತ್ರ ವಿಭಾಗಕ್ಕ ಒಂದು ಪತ್ರ ಬರದು ಕೇಳ್ರಿ.

ಭಾಲ್ಕಿ ಹುಡುಗ
ಸರ್, ದನದ ಮೂಗಿನ ಸಿಂಬಳ ಅಂದ್ರಲ್ಲ. ನಮ್ಮ ಮನಿ ದೇವಣಿ ಹೋರಿ ಕೆಲವು ತಿಂಗಳಿಂದ ಗೊರಕಿ ಹೊಡೀತದ. ಎಚ್ಚರ ಇದ್ದಾಗೂ ಉಸಿರು ಗೊರ್ ಗೊರ್ ಅಂತದ, ಮೂಗಿನಾಗಿಂದ ಒಮ್ಮೊಮ್ಮೆ ರಕ್ತ ಬೆರೆತ ಸಿಂಬಳ ಬರ್ತದ. ನೆಗಡಿ ಅಂತ ಬಿಟ್ಟಿದ್ವಿ. ನಮ್ಮ ದನ ಕಾರಂಜಾ ಹಿನ್ನೀರಿಗೇ ನೀರು ಕುಡೀಲಿಕ್ಕ ಹೋಗ್ತಾವ.

ಬೀದರ್ ಪಶುವೈದ್ಯ
ತಮ್ಮಾ, ನಾಳೆನೇ ದವಾಖಾನಿಗಿ ಕರಕೊಂಡು ಹೋಗು. ನೀ ಹೇಳಿದ್ದು ಗೊರಕೆ ರೋಗದ ಲಕ್ಷಣ. ಇದನ್ನ ತರೋದು ಸಿಸ್ಟೊಸೋಮ ನೇಸೇಲ್ ಅನ್ನೋ ಹುಳ. ಎಂ. ಎ. ಎನ್. ರಾವ್ ಅವರು 1933ರಾಗ ಮದ್ರಾಸಿನಾಗ ಇದನ್ನ ವಿವರಿಸಿದ್ರು, ಅಂದ್ರ ನಮ್ಮ ದಕ್ಷಿಣದ ದನಗಳಾಗೇ ಗುರುತು ಸಿಕ್ಕ ಹುಳ. ಮೂಗಿನ ಒಳಪದರದ ರಕ್ತನಾಳದಾಗ ಕುಂತು ತತ್ತಿ ಇಡ್ತದ. ತತ್ತಿ ಸುತ್ತ ಮಾಂಸ ಬೆಳೆದು ಹೂಕೋಸಿನಂಗ ಗಡ್ಡಿ ಕಟ್ಟಿ ಉಸಿರಿನ ದಾರಿ ಮುಚ್ಚತದ, ಅದಕ್ಕೇ ಗೊರಕಿ. ದನ ನೀರು ಕುಡೀವಾಗ ಮೂಗು ನೀರಿಗಿ ತಾಕಿ ಸಿಂಬಳದ ಸಂಗಡ ತತ್ತಿ ನೀರು ಸೇರ್ತದ. ಅಲ್ಲಿ ಇಂಡೊಪ್ಲನಾರ್ಬಿಸ್ ಕಾಯ್ಕೊಂಡಿರ್ತದ.

ವೈದ್ಯರು ಸಿಂಬಳ ಪರೀಕ್ಷಿ ಮಾಡಿ, ಬೂಮರಾಂಗಿನ ಆಕಾರದ ತತ್ತಿ ಕಂಡ್ರ ಇಂಜೆಕ್ಷನ್ ಶುರು ಮಾಡ್ತಾರ. ಅಂಗಡಿಯಿಂದ ನೀನೇ ತಂದು ಚುಚ್ಚಬ್ಯಾಡ, ಅಳತಿ ತಪ್ಪಿದ್ರ ದನಕ್ಕ ಅಪಾಯ. ಇನ್ನೊಂದು ನೆನಪಿಡು: ಎಮ್ಮಿಯೊಳಗ ಇದೇ ಹುಳ ಇದ್ರೂ ಗೊರಕಿ ಅಷ್ಟು ಕಾಣಂಗಿಲ್ಲ. ಅದಕ್ಕ ಎಮ್ಮಿ ಆರಾಮ ಅದ ಅಂತ ಬಿಡಬಾರದು, ಅದರ ಸಿಂಬಳನೂ ತೋರಿಸು. ಹೋರಿ ಗುಣ ಆಗೋ ತನಕ ಹಿನ್ನೀರಿಗಿ ಬಿಡಬ್ಯಾಡ, ಮನಿ ಮುಂದ ಕಲ್ಲಿನ ದೋಣಿಗಿ ಬೋರ್ ನೀರು ತುಂಬಿಸಿ ಕುಡಿಸು.

ಹೆಣ್ಮಕ್ಕಳ ಕಾಲಿನ ಗುಳ್ಳಿಗೂ ಹೋರಿ ಮೂಗಿಗೂ ಏನು ಸಂಬಂಧ ಅನ್ನೋರಿಗಿ ಹೇಳ್ತೀನಿ. ಒಂದೇ ಬಸವನಹುಳ, ಒಂದೇ ನೀರು. ದನಕ್ಕ ಸರಿಯಾಗಿ ಔಷಧ ಮಾಡಿ ನೀರಿನಿಂದ ದೂರ ಇಟ್ರ ಆ ನೀರಿಗಿ ಬೀಳೋ ತತ್ತಿ ಕಡಿಮಿ ಆಗ್ತದ, ಗದ್ಯಾಗಿನ ಮರಿನೂ ಕಡಿಮಿ ಆಗ್ತಾವ. ಹಕ್ಕಿಗಿ ಔಷಧ ಕುಡಿಸ್ಲಿಕ್ಕ ನಮ್ಮ ಕೈಲಿ ಆಗಂಗಿಲ್ಲ. ದನಕ್ಕ ಆಗ್ತದ.

ಕೆಂಭಾವಿ ಹೊಲದಾಕಿ
ಎಲ್ಲರಿಗೂ ಭಾಳ ಉಪಕಾರ ಆಯ್ತರಿ. ಇವತ್ತು ಬದುವಿನ ಮ್ಯಾಲ ಕುಂತು ಇದನ್ನೆಲ್ಲಾ ಹೆಣ್ಮಕ್ಕಳಿಗಿ ಓದಿ ಹೇಳಿದೆ. ಹತ್ತಂಗಿಲ್ಲ ಅಂದಿದ್ದು ಕೇಳೇ ಅರ್ಧ ಹಗುರಾದ್ರು. ಆದ್ರ ಅವರು ಕೇಳಿದ್ದು ಒಂದೇ: ನಾಳಿಗಿ ಏನು ಮಾಡೂದು? ಕೂಲಿ ಬಿಡಲಿಕ್ಕ ಆಗಂಗಿಲ್ಲ. ಗಮ್ ಬೂಟ್ ಹಾಕ್ಕೊಂಡ್ರ ಕೆಸರಾಗ ಸಿಕ್ಕೊಂಡು ಕಾಲೇ ಎತ್ತಲಿಕ್ಕ ಬರಂಗಿಲ್ಲ. ಒಬ್ಬಾಕಿ ಬಸುರಿ ಇದ್ದಾಳ, ಕೂಸಿಗಿ ಏನರ ಆಗ್ತದೇನೋ ಅಂತ ಅಳ್ಳಿಕತ್ತಾಳ.

ಆಶಾ ಅಕ್ಕ, ಶಹಾಪುರ ಕಡಿ
ನಾಳಿ ಮಾಡೋದು ನಾ ಹೇಳ್ತೀನಿ ಅಕ್ಕೋರೆ. ಬದುವಿನ ಮ್ಯಾಲ ಒಂದು ಕೊಡ ಬೋರ್ ನೀರು, ಒಣ ಬಟ್ಟಿ ಇಡಸ್ರಿ. ಗದ್ದಿ ಬಿಟ್ಟ ತಕ್ಷಣ, ಕಾಲು ತಾನೇ ಆರೋಕಿಂತ ಮೊದಲು ತೊಳದು ಗಟ್ಟಿಯಾಗಿ ಒರೆಸ್ಕೋಬೇಕು. ಉಣ್ಣಲಿಕ್ಕ ಕುಂತಾಗೂ, ಸಂಜಿಕೂ. ಮೊಣಕಾಲ ತನಕ ಬಿಗಿಯಾದ ದಪ್ಪ ಕಾಲುಚೀಲ ಹಾಕ್ಕೊಂಡು ನೋಡ್ರಿ, ಬೂಟಿನಂಗ ಕೆಸರಾಗ ಸಿಕ್ಕೊಳ್ಳಂಗಿಲ್ಲ. ಕೊಡ, ಬಟ್ಟಿ, ಕಾಲುಚೀಲದ ಖರ್ಚು ಹೊಲದ ಯಜಮಾನರು ಕೊಡಬೇಕು ಅಂತ ನಿಂತು ಕೇಳ್ರಿ. ಅವರ ಭತ್ತಕ್ಕೇ ಈ ಕಾಲು ನೀರಿಗಿ ಇಳೀತಾವ.

ಚರ್ಮವೈದ್ಯೆ, ಕಲಬುರಗಿ
ಆಶಾ ಅಕ್ಕ ಹೇಳಿದ ಹಾಗೇ ಮಾಡಿ. ಇಳಿಯುವ ಮೊದಲು ವ್ಯಾಸಲೀನ್ ದಪ್ಪಗೆ ಹಚ್ಚಿದರೆ ತುಸು ತಡೆಯಬಹುದು, ಅದೊಂದನ್ನೇ ನಂಬಬೇಡಿ. ಗುಳ್ಳೆ ಎದ್ದ ಮೇಲೆ ತಣ್ಣೀರು ಬಟ್ಟೆ, ಕ್ಯಾಲಮೈನ್ ಲೋಷನ್. ನಿದ್ದೆ ಕೆಡುವಷ್ಟು ತುರಿಕೆ ಇದ್ದರೆ ಅಲರ್ಜಿ ಮಾತ್ರೆ, ಸ್ಟೀರಾಯ್ಡ್ ಮುಲಾಮು ವೈದ್ಯರು ಬರೆದುಕೊಡುತ್ತಾರೆ. ಅಂಗಡಿಯಲ್ಲಿ ಸಿಗುವ ಮೂರು ನಾಲ್ಕು ಔಷಧ ಕೂಡಿಸಿದ ಕ್ರೀಮ್ ಬೇಡವೇ ಬೇಡ, ಫಂಗಸ್ ಇದ್ದರೆ ಅದು ಕೆರಳುತ್ತದೆ. ಉಗುರು ಕತ್ತರಿಸಿರಲಿ. ಕೆರೆದು ಕೀವಾದರೆ, ಜ್ವರ ಬಂದರೆ, ಸಕ್ಕರೆ ಕಾಯಿಲೆ ಇದ್ದವರ ಕಾಲಲ್ಲಿ ಗಾಯವಾದರೆ ಅದೇ ದಿನ ಪಿಎಚ್‌ಸಿಗೆ ಹೋಗಬೇಕು.

ಆ ಬಸುರಿ ತಂಗಿಗೆ ಹೇಳಿ: ಮರಿ ಚರ್ಮದಲ್ಲೇ ಸಾಯುತ್ತದೆ, ಕೂಸಿನ ತನಕ ಹೋಗುವುದಿಲ್ಲ. ಕ್ಯಾಲಮೈನ್ ಹಚ್ಚಲು ಅಡ್ಡಿಯಿಲ್ಲ. ಮಾತ್ರೆ ಮಾತ್ರ ಆಕೆಯನ್ನು ನೋಡುವ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಗುಳ್ಳೆ ಇಲ್ಲದ ಅಂಗೈ, ಅಂಗಾಲು ಕೂಡ ರಾತ್ರಿ ವಿಪರೀತ ತುರಿಸುತ್ತಿದ್ದರೆ ಅದು ಗದ್ದೆಯ ತುರಿಕೆ ಅಲ್ಲದಿರಬಹುದು. ಬಸುರಿಯರಲ್ಲಿ ಪಿತ್ತದ ತೊಂದರೆಯಿಂದಲೂ ಹಾಗೆ ಆಗುತ್ತದೆ, ಅದಕ್ಕೆ ರಕ್ತ ಪರೀಕ್ಷೆ ಬೇಕು. ನಾಳೆ ಆಕೆಯನ್ನು ಗದ್ದೆಗೆ ಇಳಿಸಬೇಡಿ, ಸಸಿಯ ಕಟ್ಟು ಕಟ್ಟುವ ಕೆಲಸ ಬದುವಿನ ಮೇಲೆ ಕೊಟ್ಟು ಅದೇ ಕೂಲಿ ಕೊಡಿಸಿ.

ಕೆಂಭಾವಿ ಹೊಲದಾಕಿ
ಅಂಗೈ ತುರಿಕಿ ಇಲ್ಲಂತ ಡಾಕ್ಟರ್ರೆ, ಕಾಲಿಗಷ್ಟೇ ಅದ. ಆದ್ರೂ ಮುಂಜಾನೆ ನಾನೇ ಪಿಎಚ್‌ಸಿಗಿ ಕರಕೊಂಡು ಹೋಗ್ತೀನಿ. ಕೊಡ, ಬಟ್ಟಿಗಿ ಯಜಮಾನರು ಒಪ್ಪ್ಯಾರ. ಕಾಲುಚೀಲದ ಮಾತು ಇನ್ನಾ ನಡದದ.